ಹೊಸಬರ ಹೆಸರನ್ನು ನೆನಪಿನಲ್ಲಿ ಉಳಿಸಿಕೊಳ್ಳುವುದು ಹೇಗೆ?

ಪರಿಚಯವಾಗಿ ಎರಡು ನಿಮಿಷ ಕಳೆಯುವುದರೊಳಗೆ ಎದುರಿನವರ ಹೆಸರು ಮರೆತು, ಉಳಿದ ಮಾತನ್ನೆಲ್ಲ ‘ನೀವು’, ‘ತಾವು’ ಎಂದೇ ಸಾಗಿಸುವವರನ್ನು ನಾನು ಬಹಳ ನೋಡಿದ್ದೇನೆ. ನೆನಪಿನ ಶಕ್ತಿಯೇ ಕುಂದಿತೆಂದು ಅವರು ನೊಂದುಕೊಳ್ಳುತ್ತಾರೆ. ಬಹುಪಾಲು ಸಂದರ್ಭಗಳಲ್ಲಿ ಆ ಹೆಸರು ಅವರ ಮನಸ್ಸಿಗೆ ಇಳಿದೇ ಇರುವುದಿಲ್ಲ.

ಮೊದಲ ಹೆಜ್ಜೆ, ಹೆಸರನ್ನು ಕಿವಿಗೊಟ್ಟು ಕೇಳುವುದು. ಎಲ್ಲರೂ ಎಡವುವುದು ಇಲ್ಲಿಯೇ. ಆ ಕ್ಷಣಕ್ಕೆ ಬೇಕಾದುದನ್ನು ಹಿಡಿದಿಟ್ಟುಕೊಳ್ಳುವ ಕಾರ್ಯಸ್ಮೃತಿಯ ಜಾಗ ಬಹಳ ಕಿರಿದು. ಅಲ್ಲಿ ಒಮ್ಮೆಗೆ ಏಳರ ಆಸುಪಾಸು ಸಂಗತಿಗಳು ಹಿಡಿಸುತ್ತವೆ ಎಂದು 1956ರಲ್ಲಿ ಮನೋವಿಜ್ಞಾನಿ ಜಾರ್ಜ್ ಮಿಲ್ಲರ್ ಹೇಳಿದ್ದ ಮಿತಿಯನ್ನು 2001ರಲ್ಲಿ ಇನ್ನೊಬ್ಬ ಮನೋವಿಜ್ಞಾನಿ ನೆಲ್ಸನ್ ಕೋವನ್ ಸುಮಾರು ನಾಲ್ಕಕ್ಕೆ ಇಳಿಸಿದರು. ಹೊಸ ಮುಖ, ದನಿ, ಉದ್ಯೋಗ, ಇವುಗಳ ಜೊತೆಗೆ ತಾನು ಏನು ಹೇಳಬೇಕೆಂಬ ಸಿದ್ಧತೆಯೂ ಸೇರಿಕೊಂಡರೆ ಹೆಸರಿಗೆ ಜಾಗವೇ ಉಳಿಯುವುದಿಲ್ಲ. ಸರದಿಯಂತೆ ಪದಗಳನ್ನು ಓದಿಸಿದ 1973ರ ಪ್ರಯೋಗವೊಂದರಲ್ಲಿ, ತಮ್ಮ ಸರದಿಗೆ ತುಸು ಮೊದಲು ಕೇಳಿದ ಪದಗಳನ್ನೇ ಜನ ಹೆಚ್ಚಾಗಿ ಮರೆತಿದ್ದರು. ಆದ್ದರಿಂದ ನಿಮ್ಮ ಪರಿಚಯದ ಮಾತನ್ನು ಮನೆಯಲ್ಲೇ ಸಿದ್ಧಪಡಿಸಿಕೊಂಡು ಹೋಗಿ. ಹೆಸರು ಸರಿಯಾಗಿ ಕೇಳಿಸದಿದ್ದರೆ ಆಗಲೇ ಮತ್ತೊಮ್ಮೆ ಕೇಳಿ. ಅರ್ಧ ಗಂಟೆ ಮಾತನಾಡಿದ ಬಳಿಕ ಕೇಳುವುದಕ್ಕಿಂತ ಅದು ಎಷ್ಟೋ ಮರ್ಯಾದೆಯ ನಡೆ.

ಎರಡನೆಯದು, ಹೆಸರಿಗೆ ಅರ್ಥ ಕೂಡಿಸುವುದು. ಒಂದೇ ಪದವನ್ನು ಹೆಸರಾಗಿ ಕಲಿತದ್ದಕ್ಕಿಂತ ವೃತ್ತಿಯಾಗಿ ಕಲಿತಾಗ ಜನ ಚೆನ್ನಾಗಿ ನೆನಪಿಡುತ್ತಾರೆಂದು 1987ರ ಅಧ್ಯಯನವೊಂದು ತೋರಿಸಿತು. ಎದುರಿನವರು ವೈದ್ಯರು ಎಂದರೆ ಆಸ್ಪತ್ರೆ, ಔಷಧಿ, ರೋಗಿಗಳೆಲ್ಲ ಕಣ್ಣೆದುರು ಬರುತ್ತಾರೆ. ಅವರ ಅಡ್ಡಹೆಸರು ‘ವೈದ್ಯ’ ಎಂದರೆ ಅದು ಬರಿಯ ಸದ್ದು. ಅದೇ ಹೆಸರಿನ ನಿಮ್ಮ ಪರಿಚಿತರೊಬ್ಬರನ್ನು ಮನಸ್ಸಿನಲ್ಲಿ ಈ ಹೊಸಬರ ಪಕ್ಕ ನಿಲ್ಲಿಸಿ ನೋಡಿ. ಮುಖದ ಯಾವುದಾದರೂ ಕುಂದನ್ನು ಹೆಸರಿಗೆ ಗಂಟುಹಾಕುವ ಉಪಾಯವನ್ನು ಕೆಲವರು ಹೇಳಿಕೊಡುತ್ತಾರೆ. ಅದನ್ನು ಮಾಡಲೇಬೇಡಿ; ಮುಂದೆ ಅವರನ್ನು ಕಂಡಾಗಲೆಲ್ಲ ಆ ಕುಂದೇ ಮೊದಲು ಕಣ್ಣಿಗೆ ಬೀಳುತ್ತದೆ.

ಮೂರನೆಯದು, ಬಿಡುವು ಕೊಟ್ಟು ನೆನೆಯುವುದು. ಒಡನೆಯೇ ನಾಲ್ಕು ಸಲ ಜಪಿಸಿದರೆ ಹೆಸರು ನಾಲಗೆಯ ಮೇಲೇನೋ ಇರುತ್ತದೆ, ಆದರೆ ಜಪ ನಿಂತೊಡನೆ ಕರಗತೊಡಗುತ್ತದೆ. ಅರ್ಧ ನಿಮಿಷ ಬಿಟ್ಟು ಒಮ್ಮೆ, ಐದು ನಿಮಿಷ ಬಿಟ್ಟು ಮತ್ತೊಮ್ಮೆ ಮನಸ್ಸಿನಲ್ಲೇ ನೆನೆದು, ಬೀಳ್ಕೊಡುವಾಗ ಹೆಸರು ಹಿಡಿದು ಮಾತನಾಡಿಸಿ. ರಾತ್ರಿ ಬರೆದಿಡಿ. ನೆನಪು ಹೆಚ್ಚಿಸುತ್ತೇವೆನ್ನುವ ಆಟದ ಆಪ್‌ಗಳಿಗೆ ಹಣ ಕೊಡಬೇಡಿ. ಅವುಗಳಿಂದ ಆ ಆಟದಲ್ಲಿ ಚುರುಕಾಗಬಹುದು, ಹೆಸರು ನೆನಪಿಡಲು ಆ ಚುರುಕು ಒದಗುವುದು ಅಪರೂಪ.

ಒಮ್ಮೆಗೇ ಹತ್ತು ಜನರ ಪರಿಚಯವಾದರೆ ಮೂವರ ಹೆಸರನ್ನಷ್ಟೇ ಹಿಡಿದುಕೊಳ್ಳಿ. ಉಳಿದವರನ್ನು ಆಮೇಲೆ ಒಬ್ಬೊಬ್ಬರನ್ನಾಗಿ ಮಾತನಾಡಿಸಿ, ಹೆಸರನ್ನು ಮತ್ತೆ ಕೇಳಿ.