ರಂಧ್ರ ಬೀಳುವುದು ಬೇರೆ, ಪೊರೆ ಹರಿಯುವುದು ಬೇರೆ

ಉರಿಯೂತ ಹಬ್ಬಿಸುತ್ತಾ ಸಾಯುವ ಜೀವಕೋಶಗಳನ್ನು ಅಳೆಯಲು ಹೊರಟ ಮೊದಲ ತಿಂಗಳು ನನ್ನ ಅಂಕಿಗಳಿಗೆ ತಲೆಬುಡವಿರಲಿಲ್ಲ. ಟಿಎಚ್‌ಪಿ-1 ಎಂಬ ಮಾನವ ಬಿಳಿರಕ್ತ ಕೋಶಗಳನ್ನು ಪಿಎಂಎ ಎಂಬ ರಾಸಾಯನಿಕ ಹಾಕಿ ತಟ್ಟೆಯ ತಳಕ್ಕೆ ಅಂಟಿಸಿಕೊಂಡು, ನಾಲ್ಕು ಗಂಟೆ ಎಲ್‌ಪಿಎಸ್ (ಬ್ಯಾಕ್ಟೀರಿಯಾದ ಹೊರಪೊರೆಯ ಅಂಶ) ಕೊಟ್ಟು, ಕೊನೆಗೆ 10 ಮೈಕ್ರೊಮೋಲಾರ್ ನೈಜೆರಿಸಿನ್ ಹಾಕುತ್ತಿದ್ದೆ. ನೈಜೆರಿಸಿನ್ ಕೋಶದೊಳಗಿನ ಪೊಟ್ಯಾಸಿಯಂ ಅನ್ನು ಹೊರಗೆ ಹರಿಸುತ್ತದೆ. ಅದರಿಂದ ಅಪಾಯ ಗುರುತಿಸುವ ಎನ್‌ಎಲ್‌ಆರ್‌ಪಿ3 ಪ್ರೋಟೀನು ಎಚ್ಚೆತ್ತು, ಕ್ಯಾಸ್ಪೇಸ್-1 ಎಂಬ ಕತ್ತರಿಸುವ ಕಿಣ್ವ ಚುರುಕಾಗಿ, ಗ್ಯಾಸ್ಡರ್ಮಿನ್ ಡಿ ಪ್ರೋಟೀನನ್ನು ಕತ್ತರಿಸುತ್ತದೆ. ಅದರ ಮುಂತುಂಡುಗಳು ಒಳಗಿನಿಂದ ಕೋಶದ ಪೊರೆಗೆ ನಾಟಿ, ಬಳೆಯಂತೆ ಕೂಡಿಕೊಂಡು, ಸುಮಾರು 21 ನ್ಯಾನೊಮೀಟರ್ ಅಗಲದ ರಂಧ್ರವಾಗುತ್ತವೆ. ಈ ಕತ್ತರಿಕೆ ಬೆಳಕಿಗೆ ಬಂದದ್ದು 2015ರಲ್ಲಿ.

ಸಾವಿನ ಅಳತೆಗೆ ನಾನು ನೆಚ್ಚಿದ್ದು ಕೋಶದೊಳಗಿನಿಂದ ಹೊರಬಂದ ಎಲ್‌ಡಿಎಚ್ ಕಿಣ್ವವನ್ನು. ಏನೂ ಹಾಕದ ಕೋಶಗಳಲ್ಲೂ ಅದು ಏರಿಯೇ ಇರುತ್ತಿತ್ತು. ಕಾರಣ ಕೋಶಗಳಲ್ಲಿರಲಿಲ್ಲ, ಕೋಶ ಬೆಳೆಸುವ ಮಾಧ್ಯಮಕ್ಕೆ ಬೆರೆಸುವ ಕರುವಿನ ಸೀರಮ್‌ನಲ್ಲಿ (ರಕ್ತದ ತಿಳಿಯಲ್ಲಿ) ಇತ್ತು: ಅದರಲ್ಲೇ ಎಲ್‌ಡಿಎಚ್ ಇರುತ್ತದೆ. ಕೊನೆಯ ಹಂತಕ್ಕೆ ಸೀರಮ್ ಇಲ್ಲದ ಮಾಧ್ಯಮ ಬಳಸಿದ ದಿನವೇ ಹಿನ್ನೆಲೆ ಇಳಿಯಿತು.

ನಿಜವಾದ ಪಾಠ ಕಲಿಸಿದ್ದು ಗ್ಲೈಸಿನ್ ಎಂಬ ಅಮೈನೋ ಆಮ್ಲ. ನೈಜೆರಿಸಿನ್ ಜೊತೆಗೆ 5 ಮಿಲಿಮೋಲಾರ್ ಗ್ಲೈಸಿನ್ ಹಾಕಿದ ಗುಳಿಗಳಲ್ಲಿ ಎಲ್‌ಡಿಎಚ್ ಹೊರಬರಲೇ ಇಲ್ಲ. ‘ಗ್ಲೈಸಿನ್ ಸಾವನ್ನು ತಡೆಯುತ್ತದೆ’ ಎಂದು ನೋಟ್‌ಪುಸ್ತಕದಲ್ಲಿ ಬರೆದೂಬಿಟ್ಟೆ. ಮರುದಿನ ಅದೇ ಪ್ರಯೋಗವನ್ನು ಪ್ರೊಪಿಡಿಯಮ್ ಅಯೋಡೈಡ್ ಎಂಬ ಕೆಂಪು ಬಣ್ಣ ಬೆರೆಸಿ ಸೂಕ್ಷ್ಮದರ್ಶಕದಡಿ ನೋಡಿದೆ. ಗ್ಲೈಸಿನ್ ಇದ್ದ ಕೋಶಗಳ ಬೀಜಕೇಂದ್ರಗಳೂ ಕೆಂಪಗೆ ಹೊಳೆಯುತ್ತಿದ್ದವು! ಪೊರೆಯಲ್ಲಿ ರಂಧ್ರವಿಲ್ಲದೆ ಆ ಬಣ್ಣ ಒಳಗೆ ಹೋಗುವಂತಿಲ್ಲ. ಕೋಶಗಳ ಮೇಲೆ ನಿಂತ ಮೇಲ್ದ್ರವದಲ್ಲಿ ಉರಿಯೂತದ ಸಂಕೇತ ಸಾರುವ ಇಂಟರ್‌ಲ್ಯೂಕಿನ್-1 ಬೀಟಾ ಕೂಡ ಸಿಕ್ಕಿತು. 17 ಕಿಲೋಡಾಲ್ಟನ್‌ನ ಆ ಪುಟ್ಟ ಪ್ರೋಟೀನು ರಂಧ್ರದಿಂದಲೇ ದಾಟಿ ಹೋಗುತ್ತದೆ. 140 ಕಿಲೋಡಾಲ್ಟನ್‌ನ ಎಲ್‌ಡಿಎಚ್ ಹೊರಬೀಳಬೇಕಾದರೆ ಪೊರೆಯೇ ಹರಿಯಬೇಕು. ಹರಿಯುವುದೂ ತಾನಾಗಿ ಆಗುವ ಕೆಲಸವಲ್ಲ, ಅದಕ್ಕೆ ಎನ್‌ಐಎನ್‌ಜೆ1 ಎಂಬ ಬೇರೆಯೇ ಪ್ರೋಟೀನು ಬೇಕು ಎಂದು 2021ರಲ್ಲಿ ಗೊತ್ತಾಯಿತು. ಗ್ಲೈಸಿನ್ ಅದನ್ನು ಪೊರೆಯಲ್ಲಿ ಗುಂಪುಗೂಡಲು ಬಿಡುವುದಿಲ್ಲ ಎಂಬುದು 2022ರ ವರದಿ. ಅದನ್ನು ಓದಿದಾಗ ನನ್ನ ಕೆಂಪು ಕೋಶಗಳು ಕಣ್ಣ ಮುಂದೆ ಬಂದವು.

ಈಗ ಪ್ರತಿ ತಟ್ಟೆಯಲ್ಲೂ ಬಣ್ಣ, ಎಲ್‌ಡಿಎಚ್ ಎರಡನ್ನೂ ಅಳೆಯುತ್ತೇನೆ. ಮೇಲ್ದ್ರವವನ್ನು ಎಂದಿಗೂ ಚೆಲ್ಲುವುದಿಲ್ಲ. ಕತ್ತರಿಸಿದ ಗ್ಯಾಸ್ಡರ್ಮಿನ್‌ನ ಒಂದು ಪಾಲು ಅಲ್ಲಿಗೇ ಸೇರಿರುತ್ತದೆ. ನೋಟ್‌ಪುಸ್ತಕದ ಆ ಸಾಲಿನಲ್ಲಿ ‘ಸಾವನ್ನು’ ಎಂಬುದನ್ನು ಹೊಡೆದು, ‘ಪೊರೆ ಹರಿಯುವುದನ್ನು’ ಎಂದು ತಿದ್ದಿದ್ದೇನೆ.