ಕೀಹೋಲ್ ಆಪರೇಷನ್ ಆದ ಮೇಲೆ ಕರುಳು ಅಂಟಿಕೊಳ್ಳದಿರಲು ಏನು ಮಾಡಬಹುದು?

ಹೊಟ್ಟೆಗೆ ಸಣ್ಣ ತೂತು ಹಾಕಿ ಮಾಡುವ ಕೀಹೋಲ್ (ಲ್ಯಾಪರೊಸ್ಕೋಪಿ) ಆಪರೇಷನ್ ಆದ ಮೇಲೆ ಏನು ತಿಂದರೆ ಒಳಗೆ ಕರುಳು ಅಂಟಿಕೊಳ್ಳುವುದಿಲ್ಲ ಅಂತ ಜನ ಕೇಳುತ್ತಾರೆ. ಕೇಳಬೇಕಾದ್ದು ಆಪರೇಷನ್‌ಗೆ ಮೊದಲು, ಅದೂ ಸರ್ಜನ್ ಹತ್ತಿರ.

ಹೊಟ್ಟೆಯೊಳಗೆ ಎಲ್ಲದರ ಮೇಲೂ ನುಣುಪಾದ ತೆಳು ಪೊರೆ ಇರುತ್ತದೆ. ಅದಕ್ಕೆ ಗಾಯವಾದರೆ, ಸುಟ್ಟರೆ, ಒಣಗಿದರೂ ಸಾಕು, ಫೈಬ್ರಿನ್ ಅನ್ನುವ ಅಂಟು ಬಂದು ಕೂರುತ್ತದೆ. ದೇಹ ಅದನ್ನು ಕೆಲವು ದಿನಗಳಲ್ಲಿ ಕರಗಿಸಿದರೆ ಸರಿ, ಇಲ್ಲದಿದ್ದರೆ ಅಲ್ಲೇ ನಾರು ಬೆಳೆದು ಕರುಳನ್ನು ಹೊಟ್ಟೆಯ ಗೋಡೆಗೋ ಪಕ್ಕದ ಅಂಗಕ್ಕೋ ಕಟ್ಟಿಹಾಕುತ್ತದೆ. ಡಾಕ್ಟರು ಅಡ್ಹೀಷನ್ ಅನ್ನುವುದು ಇದಕ್ಕೇ. ಹೆಚ್ಚುಕಡಿಮೆ ಮೊದಲ ವಾರದಲ್ಲೇ ಎಲ್ಲ ತೀರ್ಮಾನವಾಗಿಬಿಡುತ್ತದೆ. ದೊಡ್ಡದಾಗಿ ಕೊಯ್ದು ಮಾಡುವ ಆಪರೇಷನ್‌ಗಿಂತ ಕೀಹೋಲ್‌ನಲ್ಲಿ ಇದು ಕಡಿಮೆ, ಆದರೆ ಇಲ್ಲವೇ ಇಲ್ಲ ಅಂತಲ್ಲ.

ಹಾಗಾಗಿ ಮೊದಲೇ ಹಳೆಯ ಆಪರೇಷನ್‌ಗಳನ್ನೆಲ್ಲ ಹೇಳಿ. ಸಿಸೇರಿಯನ್, ಮಕ್ಕಳಾಗದ ಹಾಗೆ ಮಾಡಿಸುವ ಆಪರೇಷನ್ ಇವನ್ನು ನಮ್ಮಲ್ಲಿ ಲೆಕ್ಕಕ್ಕೇ ಹಿಡಿಯುವುದಿಲ್ಲ, ಅಲ್ವಾ? ಹೊಕ್ಕುಳ ಹತ್ತಿರ ಕರುಳು ಆಗಲೇ ಅಂಟಿಕೊಂಡಿದ್ದರೆ ಮೊದಲ ತೂತು ಎಲ್ಲಿ ಹಾಕಬೇಕು ಅನ್ನುವುದೇ ಬದಲಾಗಬಹುದು. ಗರ್ಭಕೋಶದ ಗಡ್ಡೆ, ಅಂಡಾಶಯ, ಎಂಡೊಮೆಟ್ರಿಯೋಸಿಸ್ (ಗರ್ಭಕೋಶದ ಒಳಪದರದಂಥದ್ದು ಹೊರಗೆ ಬೆಳೆಯುವ ಕಾಯಿಲೆ) ಆಪರೇಷನ್ ಆದರೆ ‘ಅಂಟದ ಹಾಗೆ ಬ್ಯಾರಿಯರ್ ಹಾಕ್ತೀರಾ?’ ಅಂತ ನೇರವಾಗಿ ಕೇಳಿ. ತಾನಾಗೇ ಕರಗುವ ತೆಳು ಹಾಳೆ ಇದೆ, ಒಳಗೆ ಬಿಡುವ 4% ಐಕೊಡೆಕ್ಸ್‌ಟ್ರಿನ್ ದ್ರವವೂ ಇದೆ. ಎಲ್ಲರಿಗೂ ಬೇಕಿಲ್ಲ. ಕರುಳು ಕತ್ತರಿಸಿ ಜೋಡಿಸಿದ ಕಡೆ ಹಾಳೆ ಸುತ್ತಿದರೆ ಹೊಲಿಗೆ ಸೋರುವ ಭಯವೂ ಇದೆ, ಅದಕ್ಕೆ ಹಟ ಹಿಡಿಯಬೇಡಿ.

ಆಮೇಲೆ ನಡೆಯಿರಿ. ನನ್ನ ಅಪೆಂಡಿಕ್ಸ್ ತೆಗೆದ ದಿನ ಸಂಜೆಯೇ ನರ್ಸ್ ಎಬ್ಬಿಸಿದರು. ಒಂದು ಕೈಯಲ್ಲಿ ಡ್ರಿಪ್ ಸ್ಟ್ಯಾಂಡ್, ಇನ್ನೊಂದು ಕೈಯಲ್ಲಿ ಹೊಟ್ಟೆಗೆ ಒತ್ತಿಕೊಂಡ ದಿಂಬು, ಜೊತೆಗೆ ಆಪರೇಷನ್‌ಗೆ ಅಂತ ಹೊಟ್ಟೆಯೊಳಗೆ ತುಂಬಿದ್ದ ಗ್ಯಾಸ್‌ನಿಂದ ಭುಜ ಬೇರೆ ನೋವು, ವಾರ್ಡ್‌ನ ಬಾಗಿಲು ಮುಟ್ಟಿ ವಾಪಸ್ ಬರುವಷ್ಟರಲ್ಲಿ ಸಾಕಾಗಿತ್ತು. ನಡೆದರೆ ಅಂಟುವುದು ನಿಲ್ಲುತ್ತದೆ ಅನ್ನುವುದಕ್ಕೆ ಗಟ್ಟಿ ಪುರಾವೆ ಇಲ್ಲ, ನಿಜ. ಆದರೆ ಕರುಳು ಬೇಗ ಚಾಲೂ ಆಗುತ್ತದೆ, ಕಾಲಲ್ಲಿ ರಕ್ತ ಹೆಪ್ಪುಗಟ್ಟುವ ಅಪಾಯ ತಗ್ಗುತ್ತದೆ. ಹರಳೆಣ್ಣೆ ಹಚ್ಚಿ ಹೊಟ್ಟೆ ತಿಕ್ಕುವುದು, ಬೆಲ್ಟ್ ಬಿಗಿಯುವುದು, ಕಷಾಯ ಇವೆಲ್ಲ ಒಳಗಿನ ನಾರನ್ನು ಮುಟ್ಟುವುದಿಲ್ಲ. ಹಸಿ ಗಾಯದ ಮೇಲೆ ತಿಕ್ಕಿದರಂತೂ ಕೆಟ್ಟದ್ದೇ. ಜ್ವರ, ಕೀವು, ಜಾಸ್ತಿಯಾಗುತ್ತಿರುವ ನೋವು ಇದ್ದರೆ ಸುಮ್ನೆ ಕೂರಬೇಡಿ. ಒಳಗೆ ಸೋಂಕಾದರೆ ಅಂಟುವುದೂ ಹೆಚ್ಚು.

ಅಂಟಿಕೊಂಡರೂ ಬಹಳ ಜನಕ್ಕೆ ಏನೂ ತೊಂದರೆ ಆಗುವುದಿಲ್ಲ. ತೊಂದರೆ ಆದರೆ ವರ್ಷಗಳ ನಂತರವೂ ಆಗಬಹುದು: ಅಲೆ ಅಲೆಯಾಗಿ ಹೊಟ್ಟೆ ಹಿಂಡುವುದು, ವಾಂತಿ, ಉಬ್ಬರ, ಗ್ಯಾಸ್ ಕೂಡ ಹೋಗದಿರುವುದು. ಕರುಳು ಕಟ್ಟಿಕೊಂಡಿರಬಹುದು. ಭೇದಿ ಮಾತ್ರೆ ನುಂಗಬೇಡಿ, ಏನೂ ತಿನ್ನದೆ ತುರ್ತು ವಿಭಾಗಕ್ಕೆ ಹೋಗಿ. ಡಿಸ್ಚಾರ್ಜ್ ಸಮ್ಮರಿಯ ಫೋಟೋ ಮೊಬೈಲ್‌ನಲ್ಲಿ ಇಟ್ಟುಕೊಂಡಿರಿ, ಅಲ್ಲಿ ಮೊದಲು ಕೇಳುವುದೇ ‘ಹಿಂದೆ ಆಪರೇಷನ್ ಆಗಿತ್ತಾ?’ ಅಂತ.