ಮೇಲೆ ಕಟ್ಟಲು ಕೆಳಗೆ ಅಗೆದೆವು

ಕಲಬುರಗಿಯ ಹಳೆಯ ಓಣಿಗಳಲ್ಲಿ ನಮ್ಮಂಥ ಮನೆಗಳು ಇನ್ನೂ ಬೇಕಾದಷ್ಟಿವೆ. ಒಂದೂವರೆ ಅಡಿ ದಪ್ಪದ ಕಲ್ಲಿನ ಗೋಡೆ, ಒಳಗೆ ಮಣ್ಣಿನ ಗಾರೆ, ಕಬ್ಬಿಣದ ಗರ್ಡರುಗಳ ಮೇಲೆ ಹಾಸಿದ ಶಹಾಬಾದ್ ಫರಸಿ ಎಂಬ ಚಪ್ಪಟೆ ಕಲ್ಲು, ಅದರ ಮೇಲೆ ಮಣ್ಣು ಮತ್ತು ಗಚ್ಚು. ಮಗನ ಮದುವೆ ಗೊತ್ತಾದ ಮೇಲೆ ಮಹಡಿಯ ಮಾತು ಬಂದಿತು. "ಇಷ್ಟು ದಪ್ಪ ಗೋಡೆ, ಇನ್ನೊಂದು ಅಂತಸ್ತು ಹೊರದೇ?" ಎಂದು ನೆಂಟರು ಕೇಳಿದರು. ನನಗೆ ಆ ಗೋಡೆಗಳ ಮೇಲೆ ನಂಬಿಕೆ ಇರಲಿಲ್ಲ. 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ಮಹಾರಾಷ್ಟ್ರದ ಕಿಲ್ಲಾರಿಯಲ್ಲಿ ಭೂಮಿ ನಡುಗಿದಾಗ ಜನರ ಮೇಲೆ ಕುಸಿದದ್ದು ಇಂಥವೇ ಗೋಡೆಗಳು, ಮಣ್ಣು ಹೇರಿದ ಇಂಥವೇ ಮಾಳಿಗೆಗಳು, ಅಂದರೆ ಚಾವಣಿಗಳು. 2021ರಲ್ಲಿ ನಮ್ಮದೇ ಜಿಲ್ಲೆಯ ಗಡಿಕೇಶ್ವಾರದ ಜನ ಕಂಪನಕ್ಕೆ ಹೆದರಿ ಅಂಗಳದಲ್ಲಿ ಮಲಗಿದ್ದೂ ನೆನಪಿತ್ತು.

ನಮ್ಮ ಎಂಜಿನಿಯರ್ ನಕ್ಷೆಗಿಂತ ಮೊದಲು ಗೋಡೆಯ ಪಕ್ಕ ಒಂದು ಗುಂಡಿ ತೋಡಿಸಿದರು. ಹಳೆಯ ಬುನಾದಿ ಮೂರು ಅಡಿಗೇ ಮುಗಿದಿತ್ತು, ಅದೂ ಎರೆ ಮಣ್ಣಿನಲ್ಲಿ. ಗರಸು, ಅಂದರೆ ಕಲ್ಲು ಬೆರೆತ ಗಟ್ಟಿ ನೆಲ, ಸಿಕ್ಕಿದ್ದು ಸುಮಾರು ಏಳು ಅಡಿಯ ಕೆಳಗೆ. ಎರೆ ಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈಬೆರಳು ಇಳಿಯುವಷ್ಟು ಬಾಯಿ ಬಿಡುತ್ತದೆ. ನಮ್ಮ ಪಡಸಾಲೆಯ ಮೂಲೆಯ ಬಿರುಕು ಮೇ ತಿಂಗಳಲ್ಲಿ ಅಗಲವಾಗಿ ಶ್ರಾವಣದ ಹೊತ್ತಿಗೆ ಕೂಡಿಕೊಳ್ಳುತ್ತಿದ್ದುದು ಏಕೆಂದು ಆ ಗುಂಡಿಯ ಮುಂದೆ ನಿಂತಾಗ ತಿಳಿಯಿತು.

ಹಾಗಾಗಿ ಹಳೆಯ ಗೋಡೆಗಳ ಮೇಲೆ ಒಂದು ಇಟ್ಟಿಗೆಯ ಭಾರವನ್ನೂ ಹಾಕುವುದು ಬೇಡವೆಂದು ತೀರ್ಮಾನಿಸಿದೆವು. ಗರಸಿನ ಮೇಲೆ ಹೊಸ ಫುಟಿಂಗ್ (ಕಾಂಕ್ರೀಟಿನ ಪಾದ), ಅದರಿಂದ ಎದ್ದ ಕಾಲಂ (ಕಂಬ), ಕಾಲಂಗಳ ಮೇಲೆ ಬೀಮು ಮತ್ತು ಸ್ಲ್ಯಾಬ್. ಹಳೆಯ ಗೋಡೆಗಳು ಮರೆಗೆ ಮಾತ್ರ ಉಳಿಯಬೇಕು. ಫುಟಿಂಗಿನ ಗುಂಡಿಗಳನ್ನು ಸಂಕ್ರಾಂತಿಯ ನಂತರ, ನೆಲ ಒಣಗಿದ್ದಾಗ ತೋಡಿಸಿದೆವು. ಅಕ್ಕಪಕ್ಕದ ಎರಡು ಗುಂಡಿಗಳನ್ನು ಒಟ್ಟಿಗೆ ತೆರೆಯುವಂತಿಲ್ಲ. ಹಾಗೆ ಮಾಡಿದರೆ ಹಳೆಯ ಬುನಾದಿಯ ಕೆಳಗಿನ ಮಣ್ಣು ಜಾರಿ ಗೋಡೆಯೇ ಕುಳಿತುಕೊಳ್ಳುತ್ತದೆ. ಒಂದನ್ನು ಬಿಟ್ಟು ಒಂದು ತೋಡಿ, ಕಾಂಕ್ರೀಟ್ ಹಾಕಿ, ಮುಚ್ಚಿದ ಮೇಲೆಯೇ ನಡುವಿನದ್ದಕ್ಕೆ ಕೈ ಹಾಕಬೇಕು. ಮುಚ್ಚಲು ಬಳಸಿದ್ದು ಗರಸನ್ನು; ತೆಗೆದ ಎರೆ ಮಣ್ಣನ್ನು ಟ್ರ್ಯಾಕ್ಟರಿನಲ್ಲಿ ಸಾಗಿಸಿದೆವು. ಗುತ್ತಿಗೆದಾರರಿಗೆ ಈ ನಿಧಾನ ರುಚಿಸಲಿಲ್ಲ. ಮೇಲೆ ಕಟ್ಟುವವರು ಕೆಳಗೇಕೆ ಇಷ್ಟು ಹಣ ಹೂಳುತ್ತೀರಿ ಎಂದು ದಾರಿಹೋಕರೂ ಕೇಳಿದರು.

ಮಾಳಿಗೆಯನ್ನು ಅರ್ಧ ಅರ್ಧವಾಗಿ ಬಿಚ್ಚಿಸಿದೆವು. ಮಾಳಿಗೆ ಇಲ್ಲದ ಎತ್ತರದ ಕಲ್ಲಿನ ಗೋಡೆಗೆ ಆಸರೆ ಇರುವುದಿಲ್ಲ, ಆದ್ದರಿಂದ ಎರಡೂ ಕಡೆ ಮರದ ಬಲ್ಲಿಗಳ ಆಸರೆ ಕೊಟ್ಟು ನಿಲ್ಲಿಸಿ, ಗೋಡೆಯ ತಲೆಯ ಮೇಲೆ ಸುತ್ತಲೂ ಕಾಂಕ್ರೀಟಿನ ಪಟ್ಟಿ ಹಾಕಿಸಿದೆವು. ನಾಲ್ಕು ಇಂಚು ದಪ್ಪದ ಮಣ್ಣೆಂದರೆ ಚದರ ಅಡಿಗೆ ಹದಿನೈದು ಕಿಲೋದಷ್ಟು ಭಾರ. ಇಷ್ಟು ವರ್ಷ ನಮ್ಮ ತಲೆಯ ಮೇಲಿದ್ದ ಆ ರಾಶಿ ಅಂಗಳಕ್ಕೆ ಇಳಿದಾಗ ಅಕ್ಕಪಕ್ಕದವರೂ ಬಂದು ನೋಡಿದರು. ಗರ್ಡರುಗಳನ್ನು ಗುಜರಿಗೆ ಮಾರಿದೆವು. ಫರಸಿ ಮಾತ್ರ ಒಂದೂ ಹೊರಗೆ ಹೋಗಲಿಲ್ಲ. ದಪ್ಪನೆಯವು ಅಂಗಳಕ್ಕೆ, ಸಪಾಟಾದವು ಮೆಟ್ಟಿಲಿಗೆ ಬಂದವು. ಮೆಟ್ಟಿಲಿನದಕ್ಕೆ ಪಾಲಿಶ್ ಬೇಡವೆಂದು ಹಟ ಹಿಡಿದೆ. ಒದ್ದೆಯಾದ ನುಣುಪು ಫರಸಿಯ ಮೇಲೆ ಕಾಲು ನಿಲ್ಲುವುದಿಲ್ಲ.

ಸಿಮೆಂಟ್ ಕಾರ್ಖಾನೆಗಳ ಸೇಡಂ, ವಾಡಿ ಪಕ್ಕದಲ್ಲೇ ಇರುವ ನಮಗೆ ಸಿಮೆಂಟಿನ ಬರವಿಲ್ಲ, ಬರ ಇರುವುದು ನೀರಿಗೆ. ಕಾರ್ಖಾನೆಯಲ್ಲೇ ಹಾರುಬೂದಿಯಂಥದ್ದನ್ನು ಬೆರೆಸಿದ ಸಿಮೆಂಟ್ ಬಳಸಿದರೆ, ಕಾಂಕ್ರೀಟನ್ನು ಕನಿಷ್ಠ ಹತ್ತು ದಿನ ಒದ್ದೆಯಾಗಿಡಬೇಕು, ಹದಿನಾಲ್ಕು ದಿನ ಇಟ್ಟರೆ ಒಳ್ಳೆಯದು ಎನ್ನುತ್ತದೆ ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456. ಸ್ಲ್ಯಾಬನ್ನು ಬೆಳಕು ಹರಿಯುವ ಮೊದಲೇ ಶುರು ಮಾಡಿಸಿ, ಮರುದಿನ ಗಾರೆಯ ಕಟ್ಟೆ ಕಟ್ಟಿ ನೀರು ನಿಲ್ಲಿಸಿದೆವು. ಕಾಲಂಗಳಿಗೆ ದಾಲ್ ಮಿಲ್ಲಿನಿಂದ ತಂದ ಹಳೆಯ ಗೋಣಿಚೀಲ ಸುತ್ತಿದೆವು. ತೊಗರಿಯ ನಾಡಿನಲ್ಲಿ ಗೋಣಿಗೇನು ಕೊರತೆ? ಟ್ಯಾಂಕರಿನ ಖರ್ಚನ್ನು ಅಂದಾಜು ಪಟ್ಟಿಯಲ್ಲಿ ಮೊದಲೇ ಬರೆದುಕೊಳ್ಳುವುದು ಲೇಸು.

ಮೇಲಿನ ಗೋಡೆಗಳಿಗೆ ಎಎಸಿ ಬ್ಲಾಕ್, ಅಂದರೆ ಒಳಗೆ ಗಾಳಿಗುಳ್ಳೆಗಳಿರುವ ಹಗುರ ಕಾಂಕ್ರೀಟ್ ಬ್ಲಾಕ್. ಒಂದು ಘನ ಮೀಟರ್ ಇಟ್ಟಿಗೆ 1,800 ಕಿಲೋದಷ್ಟು ತೂಗಿದರೆ ಇದು ಆರುನೂರರ ಆಸುಪಾಸು. ಗೌಂಡಿಗಳು ಇಟ್ಟಿಗೆಯಂತೆಯೇ ಇದನ್ನೂ ತೊಟ್ಟಿಯಲ್ಲಿ ನೆನೆಹಾಕಲು ಹೊರಟಿದ್ದರು, ತಡೆದೆ. ಮೇಲೆ ಸ್ವಲ್ಪ ನೀರು ಚಿಮುಕಿಸಿದರೆ ಸಾಕು; ನೆನೆದ ಬ್ಲಾಕ್ ಒಣಗುತ್ತಾ ಕುಗ್ಗಿ ಗಿಲಾವಿನಲ್ಲಿ ಗೆರೆ ಬೀಳಿಸುತ್ತದೆ. ಇದರಲ್ಲಿ ಮೊಳೆ ಗಟ್ಟಿಯಾಗಿ ನಿಲ್ಲುವುದಿಲ್ಲ ಎಂಬ ಸೊಸೆಯ ದೂರು ನಿಜ.

ಮೇ ತಿಂಗಳಲ್ಲಿ ನಮ್ಮೂರಿನ ಮಹಡಿ ಕಾದ ಹಂಚು. ಅದಕ್ಕಾಗಿ ಪಶ್ಚಿಮಕ್ಕೆ ಮಲಗುವ ಕೋಣೆ ಇಡದೆ ಮೆಟ್ಟಿಲು ಮತ್ತು ಬಚ್ಚಲು ಇಟ್ಟೆವು, ತಾರಸಿಗೆ ಬಿಳಿ ಹೆಂಚು ಹಾಸಿದೆವು. ಆದರೂ ಕೆಳಗಿನ ಕಲ್ಲಿನ ಕೋಣೆಯ ತಂಪು ಮೇಲಿಲ್ಲ. ಮಧ್ಯಾಹ್ನ ಎಲ್ಲರೂ ಕೆಳಗೇ ಇಳಿದು ಬರುತ್ತಾರೆ. ಬೀದಿಯ ವಿದ್ಯುತ್ ತಂತಿಗೂ ಕಟ್ಟಡಕ್ಕೂ ಅಡ್ಡಕ್ಕೆ 1.2 ಮೀಟರ್ ಅಂತರ ಬೇಕಾದುದರಿಂದ ಬಾಲ್ಕನಿಯನ್ನು ಹಿಂದಕ್ಕೆ ಸರಿಸಿದೆವು. ಮಹಾನಗರ ಪಾಲಿಕೆಯ ಪರವಾನಗಿಗೆ ಕೊಡುವ ನಕ್ಷೆಯಲ್ಲೇ ಅದನ್ನು ತೋರಿಸಿದ್ದೆವು.

ಸಾವಿರ ಲೀಟರ್ ನೀರೆಂದರೆ ಒಂದು ಟನ್, ಹಾಗಾಗಿ ಟ್ಯಾಂಕನ್ನು ಸ್ಲ್ಯಾಬಿನ ನಡುವೆ ಇಡದೆ ಮೆಟ್ಟಿಲ ಪಕ್ಕದ ಕಾಲಂಗಳ ನೆತ್ತಿಗೆ ಕೂರಿಸಿದೆವು. ತಾರಸಿಯ ಮಳೆನೀರಿನ ಪೈಪನ್ನು ಬುನಾದಿಯಿಂದ ದೂರಕ್ಕೆ, ಚರಂಡಿಯವರೆಗೂ ಒಯ್ದೆವು. ಗೋಡೆಯ ಬುಡಕ್ಕೆ ಸುತ್ತಲೂ ಮೂರು ಅಡಿ ಅಗಲದ ಇಳಿಜಾರು ಹಾಸು ಹಾಕಿದ್ದೇವೆ, ಅದಕ್ಕೂ ಹಳೆಯ ಮಾಳಿಗೆಯ ಫರಸಿಯೇ ಒದಗಿತು.